ಒಗ್ಗದ ತುತ್ತು: ನಾಯಿಗಳ ಆಹಾರ ಅಲರ್ಜಿಗೆ ಪಥ್ಯವೇ ಪರೀಕ್ಷೆ, ಪಥ್ಯವೇ ಮದ್ದು

ನಾಯಿ ತಿನ್ನುವ ಯಾವುದೋ ಪದಾರ್ಥದ ಪ್ರೋಟೀನನ್ನು ಅದರ ರೋಗನಿರೋಧಕ ವ್ಯವಸ್ಥೆ ಹಗೆಯೆಂದು ಬಗೆದು ತಿರುಗಿಬೀಳುವುದೇ ಆಹಾರದ ಅಲರ್ಜಿ. ಆರೋಗ್ಯವಂತ ಕರುಳು ಪ್ರೋಟೀನನ್ನು ಚೂರುಚೂರಾಗಿ ಒಡೆದು ಹೀರಿಕೊಳ್ಳುತ್ತದೆ. ಒಡೆಯದೆ ಒಳನುಸುಳುವ ಅಲ್ಪಸ್ವಲ್ಪವನ್ನು ದೇಹ ಸಹಿಸಿಕೊಳ್ಳುತ್ತದೆ. ಕರುಳಿನ ಒಳಪದರ ಕೆಟ್ಟಾಗ, ಇಲ್ಲವೆ ಹುಟ್ಟುಗುಣದಿಂದಲೇ ಈ ಸಹನೆ ತಪ್ಪಿದಾಗ, ವರ್ಷಗಟ್ಟಲೆ ತಿಂದು ಅರಗಿಸಿಕೊಂಡ ಆಹಾರವೇ ಮೈತುರಿಕೆಗೆ, ಕಿವಿ ಸೋರಿಕೆಗೆ, ಭೇದಿಗೆ ಕಾರಣವಾಗುತ್ತದೆ. ಹಿಂದೆಂದೂ ತಿನ್ನದ ಪದಾರ್ಥಕ್ಕೆ ಮೊದಲ ದಿನವೇ ಅಲರ್ಜಿ ಬರುವುದು ಅಪರೂಪ. ಮೊದಲು ಪರಿಚಯ, ಆಮೇಲೆ ಹಗೆತನ. ಅದಕ್ಕೇ ಮೊನ್ನೆ ಮೊನ್ನೆ ಕೊಡತೊಡಗಿದ ತಿನಿಸಿಗಿಂತ ದಿನನಿತ್ಯದ ತಟ್ಟೆಯ ಮೇಲೆಯೇ ಹೆಚ್ಚು ಅನುಮಾನ ಪಡಬೇಕಾಗುತ್ತದೆ.

ಅಲರ್ಜಿಯೂ ಒಗ್ಗದಿಕೆಯೂ ಒಂದೇ ಅಲ್ಲ. ಹಾಲು ಕುಡಿದ ದೊಡ್ಡ ನಾಯಿಗೆ ಭೇದಿಯಾದರೆ ಅದು ಬಹುಮಟ್ಟಿಗೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಕಿಣ್ವದ ಕೊರತೆ. ಅಲ್ಲಿ ರೋಗನಿರೋಧಕ ವ್ಯವಸ್ಥೆಯ ಪಾತ್ರವಿಲ್ಲ. ಹಾಲಿನ ಪ್ರೋಟೀನಿಗೆ ಅಲರ್ಜಿ ಇದ್ದ ನಾಯಿಗೆ ಅದೇ ಹಾಲಿನಿಂದ ಪಂಜದಲ್ಲಿ ನವೆಯಾಗಬಹುದು, ಕಿವಿಯೊಳಗೆ ಉರಿಯೂತ ಏಳಬಹುದು. ಹಳಸಿದ ಆಹಾರದಿಂದ ಆಗುವ ವಾಂತಿ, ಈರುಳ್ಳಿ, ಚಾಕೊಲೇಟಿನ ವಿಷಬಾಧೆ ಇವೆಲ್ಲ ಬೇರೆಯ ಲೆಕ್ಕ. ಒಗ್ಗದಿಕೆಯನ್ನೂ ಅಲರ್ಜಿಯನ್ನೂ ಲಕ್ಷಣ ನೋಡಿಯೇ ಖಚಿತವಾಗಿ ಬೇರ್ಪಡಿಸಲು ಎಷ್ಟೋ ಸಲ ಆಗುವುದಿಲ್ಲ. ಎರಡಕ್ಕೂ ಪರಿಹಾರ ಆ ಪದಾರ್ಥವನ್ನು ಬಿಡುವುದೇ ಆದ್ದರಿಂದ ಪಶುವೈದ್ಯರು ಎರಡನ್ನೂ ‘ಆಹಾರದ ಪ್ರತಿಕೂಲ ಪ್ರತಿಕ್ರಿಯೆ’ ಎಂಬ ಒಂದೇ ಹೆಸರಿನಡಿ ನೋಡುವುದುಂಟು.

ಎಷ್ಟು ಸಾಮಾನ್ಯ, ಯಾವುದರಿಂದ

ಮೈ ತುರಿಸಿಕೊಳ್ಳುವ ನಾಯಿಗಳಿಗೆಲ್ಲ ಆಹಾರದ ಅಲರ್ಜಿ ಎಂದು ಹೇಳುವುದು ಈಚಿನ ರೂಢಿ. ಸಮೀಕ್ಷೆಗಳು ಹೇಳುವುದು ಬೇರೆ. 2017ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಯಾವುದೇ ಕಾಯಿಲೆಗೆಂದು ವೈದ್ಯರ ಬಳಿ ಬಂದ ನಾಯಿಗಳಲ್ಲಿ ಆಹಾರದ ಅಲರ್ಜಿ ಇರುವುದು ಶೇ. 1ರಿಂದ 2ರಷ್ಟರಲ್ಲಿ ಮಾತ್ರ. ತುರಿಕೆಯಿಂದ ಬಂದ ನಾಯಿಗಳನ್ನಷ್ಟೇ ತೆಗೆದುಕೊಂಡರೆ ಆ ಪ್ರಮಾಣ ಅಧ್ಯಯನದಿಂದ ಅಧ್ಯಯನಕ್ಕೆ ಶೇ. 9ರಿಂದ 40ರವರೆಗೆ ಹೊಯ್ದಾಡುತ್ತದೆ. ಕಾಯಿಲೆ ಯಾವ ವಯಸ್ಸಿನಲ್ಲಾದರೂ ಕಾಣಿಸಬಹುದು. ಆದರೆ ಒಂದು ವರ್ಷ ತುಂಬುವ ಮೊದಲೇ ತುರಿಕೆ ಶುರುವಾದ ನಾಯಿಗಳ ಪಾಲು ಗಣನೀಯ. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಪಗ್ ತಳಿಗಳ ಹೆಸರು ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಊರನಾಯಿ, ಮಿಶ್ರತಳಿಗಳೂ ಇದಕ್ಕೆ ಹೊರತಲ್ಲ.

ಯಾವ ಪದಾರ್ಥದಿಂದ ಎಂಬುದಕ್ಕೆ ಹೆಚ್ಚು ಉಲ್ಲೇಖಗೊಳ್ಳುವ ಲೆಕ್ಕ 2016ರದು. ರಾಲ್ಫ್ ಮ್ಯುಲರ್, ಥಿಯರಿ ಒಲಿವ್ರಿ, ಪಾಸ್ಕಲ್ ಪ್ರೆಲೊ ಅವರು ಹಿಂದಿನ ಅಧ್ಯಯನಗಳ 297 ನಾಯಿಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದಾಗ ದನದ ಮಾಂಸ ಶೇ. 34, ಹಾಲಿನ ಪದಾರ್ಥಗಳು ಶೇ. 17, ಕೋಳಿ ಶೇ. 15, ಗೋಧಿ ಶೇ. 13, ಕುರಿಮಾಂಸ ಶೇ. 5ರಷ್ಟು ನಾಯಿಗಳಲ್ಲಿ ಕಾರಣವಾಗಿದ್ದವು. ಸೋಯಾ, ಮೆಕ್ಕೆಜೋಳ, ಮೊಟ್ಟೆ, ಹಂದಿಮಾಂಸ, ಮೀನು, ಅಕ್ಕಿಯ ಪಾಲು ಮೊದಲ ನಾಲ್ಕಕ್ಕಿಂತ ಬಹಳ ಕಡಿಮೆ. ಒಂದೇ ನಾಯಿಗೆ ಎರಡು ಮೂರು ಪದಾರ್ಥ ಆಗದಿರುವುದೂ ಉಂಟು.

ಈ ಪಟ್ಟಿಯನ್ನು ನಮ್ಮಲ್ಲಿಗೆ, ಉದಾಹರಣೆಗೆ ದಾವಣಗೆರೆ ಜಿಲ್ಲೆಗೆ, ಹಾಗೆಯೇ ತಂದು ಅಂಟಿಸುವಂತಿಲ್ಲ. ಅದು ಬೇರೆ ದೇಶಗಳಲ್ಲಿ, ಬೇರೆ ಆಹಾರ ತಿಂದು ಬೆಳೆದ ನಾಯಿಗಳ ಪಟ್ಟಿ. ಯಾವ ಸೀಮೆಯ ನಾಯಿ ಯಾವುದನ್ನು ಪದೇ ಪದೇ ತಿನ್ನುತ್ತದೋ ಅದಕ್ಕೇ ಅಲರ್ಜಿಯ ಸಾಧ್ಯತೆ ಹೆಚ್ಚು. ಭದ್ರಾ ಅಚ್ಚುಕಟ್ಟಿನ ಚನ್ನಗಿರಿ, ಹೊನ್ನಾಳಿ ಸೀಮೆಯಲ್ಲಿ ನಾಯಿಯ ತಟ್ಟೆಗೆ ಬೀಳುವುದು ಅನ್ನ, ಮಜ್ಜಿಗೆ, ಮಿಕ್ಕ ಸಾರು. ಮಳೆಯನ್ನೇ ನಂಬಿದ ಜಗಳೂರಿನ ಕಡೆ ಮುದ್ದೆ, ರೊಟ್ಟಿ. ಇದರ ಮೇಲೆ ಚಿಕನ್ ಅಂಗಡಿಯಿಂದ ತರುವ ಕೋಳಿಯ ಕಾಲು, ತಲೆ, ಚರ್ಮ, ಟೀ ಅಂಗಡಿಯ ಬಿಸ್ಕತ್ತು, ಬೇಕರಿಯ ಬನ್ನು, ಮನೆಯಲ್ಲಿ ಉಳಿದ ಚಪಾತಿ. ಹೀಗಾಗಿ ಇಲ್ಲಿ ಮೊದಲು ಅನುಮಾನಿಸಬೇಕಾದವು ಕೋಳಿ, ಹಾಲು-ಮೊಸರು, ಗೋಧಿ, ಮೊಟ್ಟೆ. ದನದ ಮಾಂಸವನ್ನೇ ಕಾಣದ ನಾಯಿಗೂ ಒಂದು ಅಡ್ಡದಾರಿಯ ಅಪಾಯವಿದೆ. ಹಸುವಿನ ರಕ್ತದ ಕೆಲವು ಪ್ರೋಟೀನುಗಳು ಹಾಲಿನಲ್ಲೂ ಮಾಂಸದಲ್ಲೂ ಸಮಾನವಾಗಿರುತ್ತವೆ. ಹಾಲಿಗೆ ಅಲರ್ಜಿಯಾದ ನಾಯಿಗೆ ದನದ ಮಾಂಸ ಬೆರೆತ ಪ್ಯಾಕೆಟ್ ಆಹಾರವೂ ಆಗದಿರಬಹುದು, ಕೆಲವಕ್ಕೆ ಕುರಿಮಾಂಸವೂ.

ಲಕ್ಷಣಗಳು, ವೇಷಧಾರಿ ಕಾಯಿಲೆಗಳು

ಮುಖ್ಯ ಲಕ್ಷಣ ಎಡೆಬಿಡದ ತುರಿಕೆ. ನಾಯಿ ಮುಂಗಾಲ ಪಂಜಗಳನ್ನು ನೆಕ್ಕಿ ನೆಕ್ಕಿ ಕೂದಲನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ, ಮುಖವನ್ನು ಗೋಡೆಗೆ ಉಜ್ಜುತ್ತದೆ, ಹಿಂಭಾಗವನ್ನು ನೆಲಕ್ಕೆ ಎಳೆಯುತ್ತದೆ. ಕಂಕುಳು, ತೊಡೆಸಂದು, ಹೊಟ್ಟೆಯ ಚರ್ಮ ಕೆಂಪೇರುತ್ತದೆ. ಕಿವಿಯ ಸೋಂಕು ವಾಸಿಯಾಗಿ ತಿಂಗಳೊಳಗೆ ಮರುಕಳಿಸುತ್ತದೆ. ಕೆಲವು ನಾಯಿಗಳಲ್ಲಿ ಇದೊಂದೇ ಲಕ್ಷಣ. ಕೆರೆದ ಜಾಗದಲ್ಲಿ ಬ್ಯಾಕ್ಟೀರಿಯಾ, ಮಲಸೇಜಿಯ ಎಂಬ ಯೀಸ್ಟ್ ಬೆಳೆದು ದುರ್ವಾಸನೆ, ಕೀವುಗುಳ್ಳೆ ಬರುತ್ತವೆ. ಕರುಳಿನ ಬಾಧೆಯೂ ಜೊತೆಗಿರಬಹುದು: ಮೆತ್ತನೆಯ ಮಲ, ದಿನಕ್ಕೆ 3ಕ್ಕಿಂತ ಹೆಚ್ಚು ಸಲ ವಿಸರ್ಜನೆ, ಹೊಟ್ಟೆಯ ಗುಡುಗುಡು, ಆಗಾಗ ವಾಂತಿ. ತುರಿಕೆ, ಕಿವಿ ಸೋಂಕು, ಕೆಟ್ಟ ಹೊಟ್ಟೆ ಮೂರೂ ಕೂಡಿದ್ದರೆ ಆಹಾರದ ಮೇಲಿನ ಅನುಮಾನ ಬಲಗೊಳ್ಳುತ್ತದೆ. ತಿಂದ ಕೂಡಲೆ ಮುಖ ಊದುವುದು, ಮೈಮೇಲೆ ದದ್ದು, ಉಸಿರಾಟಕ್ಕೆ ಕಷ್ಟ ಅಪರೂಪ. ಬಂದರೆ ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಬೇಕು.

ಇದೇ ಲಕ್ಷಣಗಳನ್ನು ತೋರುವ ಬೇರೆ ಕಾಯಿಲೆಗಳು ಬಹಳ. ಅಡಿಕೆ ತೋಟ ಕಾಯುವ, ಕೊಟ್ಟಿಗೆಯಲ್ಲಿ ದನಗಳ ಪಕ್ಕ ಮಲಗುವ ನಾಯಿಗೆ ಉಣ್ಣೆ, ಚಿಗಟ ತಪ್ಪಿದ್ದಲ್ಲ. ಚಿಗಟದ ಎಂಜಲಿಗೇ ಅಲರ್ಜಿಯಾದ ನಾಯಿ ಬಾಲದ ಬುಡ, ಸೊಂಟದ ಮೇಲ್ಭಾಗವನ್ನು ಕಚ್ಚಿ ಬೋಳಾಗಿಸುತ್ತದೆ. ಕಜ್ಜಿಹುಳು ಕಿವಿಯಂಚು, ಮೊಣಕೈಗಳನ್ನು ಹಿಡಿದು ಮನೆಮಂದಿಗೂ ನವೆ ಹತ್ತಿಸಬಲ್ಲದು. ಪರಾಗ, ದೂಳುಹುಳುಗಳಿಗೆ ಪ್ರತಿಕ್ರಿಯಿಸುವ ಅಟೋಪಿಕ್ ಚರ್ಮರೋಗ ಕಣ್ಣಿಗೆ ಆಹಾರದ ಅಲರ್ಜಿಯ ಪಡಿಯಚ್ಚು. ಅದು ಕೆಲವು ನಾಯಿಗಳಲ್ಲಿ ಋತುವಿನೊಂದಿಗೆ ಏರಿಳಿಯುತ್ತದೆ. ಆಹಾರದ ಅಲರ್ಜಿಗೆ ಋತುಭೇದವಿಲ್ಲ, ಆಹಾರ ಬದಲಾಗದಿದ್ದರೆ ಯುಗಾದಿಗೂ ದೀಪಾವಳಿಗೂ ತುರಿಕೆ ಒಂದೇ. ಆದ್ದರಿಂದ ಪಥ್ಯಕ್ಕೆ ಮುನ್ನ ಮೂರು ಕೆಲಸ ಮುಗಿಯಬೇಕು: ಉಣ್ಣೆ-ಚಿಗಟಕ್ಕೆ ಪೂರ್ತಿ ಕಡಿವಾಣ, ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ಕಜ್ಜಿಹುಳುವಿನ ತಪಾಸಣೆ, ಸೋಂಕಿಗೆ ಚಿಕಿತ್ಸೆ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಉತ್ತರ ಸಿಗದ ಜಟಿಲ ಪ್ರಕರಣಗಳಿಗೆ ಈ ಭಾಗಕ್ಕೆ ಹತ್ತಿರವಿರುವುದು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು.

ರಕ್ತ, ಎಂಜಲು, ಕೂದಲಿನ ಪರೀಕ್ಷೆ

ರಕ್ತದಲ್ಲಿ ಆಹಾರದ ವಿರುದ್ಧದ ಪ್ರತಿಕಾಯಗಳನ್ನು ಅಳೆದು ‘ಆಗದ ಆಹಾರಗಳ ಪಟ್ಟಿ’ ಕೊಡುವ ಪ್ರಯೋಗಾಲಯಗಳಿವೆ. ಎಂಜಲು, ಕೂದಲಿನಿಂದ ಹೇಳುತ್ತೇವೆನ್ನುವವರೂ ಇದ್ದಾರೆ. ಆರೋಗ್ಯವಂತ ನಾಯಿಯ ರಕ್ತದಲ್ಲೂ ತಿಂದ ಆಹಾರದ ವಿರುದ್ಧ ಪ್ರತಿಕಾಯಗಳಿರಬಹುದು. ಅಲರ್ಜಿಯಿರುವ ನಾಯಿಯ ರಕ್ತದಲ್ಲಿ ಇಲ್ಲದೆಯೂ ಇರಬಹುದು, ಏಕೆಂದರೆ ಎಲ್ಲ ಆಹಾರ ಅಲರ್ಜಿಯೂ ಪ್ರತಿಕಾಯಗಳ ಮೂಲಕವೇ ನಡೆಯುವುದಿಲ್ಲ. ಕೆಲವು ಅಲರ್ಜಿಗಳು ಬಿಳಿ ರಕ್ತಕಣಗಳ ಮೂಲಕ ನಿಧಾನವಾಗಿ ನಡೆಯುತ್ತವೆ. ಎಂಜಲು, ಕೂದಲಿನ ಪರೀಕ್ಷೆಗಳು ಅಲರ್ಜಿಯುಳ್ಳ ನಾಯಿಯನ್ನೂ ಇಲ್ಲದ ನಾಯಿಯನ್ನೂ ಬೇರ್ಪಡಿಸಲಾರದೆ ಸೋತಿವೆ. ನಂಬಬಹುದಾದ ಪರೀಕ್ಷೆ ಒಂದೇ: ಅನುಮಾನದ ಆಹಾರವನ್ನೆಲ್ಲ ನಿಲ್ಲಿಸಿ, ತುರಿಕೆ ಇಳಿಯುವುದೋ ನೋಡಿ, ಹಳೆಯ ಆಹಾರವನ್ನು ಮತ್ತೆ ಕೊಟ್ಟು ತುರಿಕೆ ಮರಳುವುದೋ ನೋಡುವುದು.

ಪಥ್ಯದ ಆಯ್ಕೆ

ಪಥ್ಯಕ್ಕೆ ಮೂರು ದಾರಿಗಳಿವೆ. ಮೊದಲನೆಯದು ನಾಯಿ ಹಿಂದೆಂದೂ ತಿನ್ನದ ಒಂದು ಪ್ರೋಟೀನು, ಜೊತೆಗೆ ಒಂದೇ ಪಿಷ್ಟ, ಎರಡನ್ನೂ ಮನೆಯಲ್ಲಿ ಬೇಯಿಸಿ ಕೊಡುವುದು. ಎರಡನೆಯದು ಕಾರ್ಖಾನೆಯಲ್ಲಿ ಪ್ರೋಟೀನನ್ನು ಕಿಣ್ವಗಳಿಂದ ಮೊದಲೇ ಸಣ್ಣ ತುಣುಕುಗಳಾಗಿ ಒಡೆದ, ಅಂದರೆ ಹೈಡ್ರೊಲೈಸ್ ಮಾಡಿದ, ವೈದ್ಯರ ಸಲಹೆಯಿಂದ ಕೊಳ್ಳುವ ಆಹಾರ. ಅಲರ್ಜಿಕಾರಕ ಪ್ರೋಟೀನುಗಳು ಸಾಮಾನ್ಯವಾಗಿ 10ರಿಂದ 70 ಕಿಲೊಡಾಲ್ಟನ್ ತೂಕದವು. ಅದಕ್ಕಿಂತ ಬಹಳ ಕಿರಿದಾದ ತುಣುಕನ್ನು ರೋಗನಿರೋಧಕ ವ್ಯವಸ್ಥೆ ಬಹುಮಟ್ಟಿಗೆ ಗುರುತು ಹಿಡಿಯಲಾರದು. ಹಾಗಿದ್ದೂ ಕೋಳಿಗೆ ಅಲರ್ಜಿಯಾದ ಕೆಲವು ನಾಯಿಗಳು ಒಡೆದ ಕೋಳಿಯ ಆಹಾರಕ್ಕೂ ತುರಿಸಿಕೊಳ್ಳುತ್ತವೆ. ಮೂರನೆಯದು ಹೊಸ ಪ್ರೋಟೀನಿನದೆಂದು ಅಂಗಡಿಯಲ್ಲಿ ಸಿಗುವ ಮಾಮೂಲಿ ಪ್ಯಾಕೆಟ್. ಇದು ಮೂರರಲ್ಲಿ ದುರ್ಬಲ. ಇಂಥ ಪ್ಯಾಕೆಟ್‌ಗಳನ್ನು ಪರೀಕ್ಷಿಸಿದ ಹಲವು ಅಧ್ಯಯನಗಳಲ್ಲಿ ಲೇಬಲ್ಲಿನಲ್ಲಿ ಹೆಸರಿಲ್ಲದ ಪ್ರಾಣಿಗಳ ಅಂಶ ಸಿಕ್ಕಿದೆ. ಒಂದೇ ಯಂತ್ರದಲ್ಲಿ ಹಲವು ಆಹಾರ ತಯಾರಾದರೆ ಬೆರಕೆ ತಪ್ಪದು. ‘ಧಾನ್ಯರಹಿತ’ ಎಂಬ ಬರಹಕ್ಕೂ ಅಲರ್ಜಿಗೂ ಹೆಚ್ಚಿನ ನಂಟಿಲ್ಲ, ಧಾನ್ಯಕ್ಕಿಂತ ಪ್ರಾಣಿಮೂಲದ ಪ್ರೋಟೀನುಗಳದ್ದೇ ದೊಡ್ಡ ಪಾಲು. ಬಟಾಣಿ, ಬೇಳೆ, ಆಲೂಗಡ್ಡೆ ಹೆಚ್ಚಿರುವ ಅಂಥ ಆಹಾರಗಳಿಗೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ಸಂಬಂಧವಿರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ಎಚ್ಚರಿಸಿತ್ತು.

ಮನೆಯ ಪಥ್ಯದಲ್ಲಿ ‘ಹೊಸದು’ ಯಾವುದು ಎಂಬುದನ್ನು ಆಯಾ ಮನೆಯ ಅಡುಗೆಯೇ ತೀರ್ಮಾನಿಸುತ್ತದೆ. ಕೋಳಿ, ಮೊಟ್ಟೆ ತಿನ್ನುವ ನಾಯಿಗೆ ಕೆರೆಮೀನು ಒಳ್ಳೆಯ ಆಯ್ಕೆ. ಚನ್ನಗಿರಿ ಸೀಮೆಯ ಸೂಳೆಕೆರೆಯ ಮಗ್ಗುಲಿನ ಕೆರೆಬಿಳಚಿಯಲ್ಲಿ ಅದು ಸಲೀಸಾಗಿ ಸಿಗುತ್ತದೆ. ಆದರೆ ಮೀನಿನ ತಲೆ, ಕರುಳು ತಿಂದೇ ದಡದಲ್ಲಿ ಬೆಳೆದ ನಾಯಿಗೆ ಮೀನು ಹೊಸದಲ್ಲ. ಅದಕ್ಕೆ ಹಂದಿಮಾಂಸವೋ ಬೇರೊಂದೋ ಬೇಕು. ಶಾಕಾಹಾರಿ ಮನೆಯಲ್ಲಿ ಮೊಸರನ್ನ, ಚಪಾತಿ ತಿಂದು ಬೆಳೆದ ನಾಯಿ ಮೊಟ್ಟೆಯನ್ನೇ ಕಂಡಿರುವುದಿಲ್ಲ. ಅಂಥದಕ್ಕೆ ಬೇಯಿಸಿದ ಮೊಟ್ಟೆ ಹೊಸ ಪ್ರೋಟೀನು. ಮೊಟ್ಟೆಯನ್ನೂ ಮನೆಯೊಳಗೆ ತರದವರಿಗೆ ಸೋಯಾ ಪ್ರೋಟೀನನ್ನು ಒಡೆದು ಮಾಡಿದ ಸಿದ್ಧ ಆಹಾರ ಉಳಿಯುವ ದಾರಿ. ಕೋಳಿಯ ಬದಲು ಬಾತುಕೋಳಿ, ಗೌಜುಗ, ಹಾಲು ಆಗದ ನಾಯಿಗೆ ಕುರಿ, ಆಡು ಎಂಬ ಬದಲಿಗಳು ಹತ್ತಿರದ ಸಂಬಂಧಿಗಳಾದ್ದರಿಂದ ಪರೀಕ್ಷೆಯನ್ನೇ ಕೆಡಿಸಬಲ್ಲವು. ಕೋಳಿ ಮತ್ತು ಮೀನಿನ ಕೆಲವು ಪ್ರೋಟೀನುಗಳಲ್ಲೂ ಹೋಲಿಕೆ ಕಂಡುಬಂದಿದೆ. ಆದ್ದರಿಂದ ಮೀನಿನ ಪಥ್ಯ ಸೋತರೆ ಆಹಾರದ ಅಲರ್ಜಿ ಇಲ್ಲವೆಂದು ಅವಸರದಲ್ಲಿ ತೀರ್ಮಾನಿಸದೆ ಇನ್ನೊಂದು ಪ್ರೋಟೀನಿನಿಂದ ನೋಡಬೇಕಾಗುತ್ತದೆ. ಪಿಷ್ಟಕ್ಕೆ ಅಕ್ಕಿ, ಸಿಹಿಗೆಣಸು ಸಾಕು. ಅಕ್ಕಿಯ ಅಲರ್ಜಿ ಅಪರೂಪ. ಅನ್ನದ ಮೇಲೂ ಅನುಮಾನವಿದ್ದರೆ ನಾಯಿ ತಿನ್ನದ ನವಣೆ, ಸಾವೆ ಇದೆ. ತೋಳಕ್ಕಿಂತ ನಾಯಿಗೆ ಪಿಷ್ಟ ಅರಗಿಸುವ ಜೀನಿನ ಪ್ರತಿಗಳು ಹಲವು ಪಟ್ಟು ಹೆಚ್ಚೆಂದು 2013ರ ಒಂದು ಅಧ್ಯಯನ ತೋರಿಸಿತು. ಮನುಷ್ಯರ ಜೊತೆ ಬದುಕಿದ ನಾಯಿಗೆ ಚೆನ್ನಾಗಿ ಬೆಂದ ಅನ್ನ ಅಸಹಜ ಆಹಾರವಲ್ಲ.

ಅಳತೆ ಮತ್ತು ಅಡುಗೆ

ನಾಯಿಯ ವಿಶ್ರಾಂತ ಸ್ಥಿತಿಯ ಶಕ್ತಿಯ ಅಗತ್ಯವನ್ನು ಮೈತೂಕದ 0.75ನೆಯ ಘಾತವನ್ನು 70ರಿಂದ ಗುಣಿಸಿ ಲೆಕ್ಕ ಹಾಕುತ್ತಾರೆ. 10 ಕಿಲೊ ತೂಕದ ನಾಯಿಗೆ ಇದು ಸುಮಾರು 395 ಕಿಲೊಕ್ಯಾಲರಿ. ಮನೆಯಲ್ಲಿ ಓಡಾಡಿಕೊಂಡಿರುವ, ಸಂತಾನಹರಣ ಮಾಡಿಸಿದ ನಾಯಿಗೆ ಅದರ 1.6 ಪಟ್ಟು, ಎಂದರೆ 630ರ ಆಸುಪಾಸು. ಮುಳ್ಳು ತೆಗೆದ ಬೆಂದ ಮೀನು 200 ಗ್ರಾಂ, ಅನ್ನ 300 ಗ್ರಾಂ, ಒಂದು ಚಮಚ ಅಡುಗೆ ಎಣ್ಣೆ ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಇದನ್ನು ದಿನಕ್ಕೆರಡು ಹೊತ್ತಿಗೆ ಹಂಚಬಹುದು. ವಾರಕ್ಕೊಮ್ಮೆ ತೂಕ ನೋಡಿ ಏರಿಳಿಸಿದರೆ ಲೆಕ್ಕದ ತಪ್ಪು ಸರಿಹೋಗುತ್ತದೆ. ಹೊಸ ಆಹಾರಕ್ಕೆ ಒಂದೇ ದಿನ ಬದಲಾಯಿಸದೆ 4ರಿಂದ 7 ದಿನಗಳಲ್ಲಿ ಹಳೆಯದನ್ನು ಇಳಿಸುತ್ತ ಹೊಸದನ್ನು ಏರಿಸಬೇಕು.

ಅಡುಗೆ ಸಪ್ಪೆಯಾಗಿರಬೇಕು. ಒಗ್ಗರಣೆ, ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಇರಬಾರದು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಹಸಿ ಕೆರೆಮೀನಿನಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿರುವುದುಂಟು, ಬೇಯಿಸಿದರೆ ಅದು ಹಾಳಾಗುತ್ತದೆ. ಒಣಮೀನಿನ ಉಪ್ಪು ನಾಯಿಗೆ ಹೆಚ್ಚು. ಬೆಂದ ಮೂಳೆ ಚೂಪಾಗಿ ಸಿಗಿದು ಕರುಳು ಚುಚ್ಚಬಲ್ಲದು.

ಮೀನು-ಅನ್ನದ ಊಟ ಪರೀಕ್ಷೆಗೆ ಸಾಕು, ಬಾಳಿಗೆ ಸಾಲದು. ಮುಳ್ಳು ತೆಗೆದ ಮೀನಿನಲ್ಲಿ ರಂಜಕ ಹೆಚ್ಚು, ಸುಣ್ಣ (ಕ್ಯಾಲ್ಸಿಯಂ) ಅತಿ ಕಡಿಮೆ. ಸತು, ತಾಮ್ರ, ಇ ಜೀವಸತ್ವಗಳ ಕೊರತೆಯೂ ಇದೆ. ಬೆಳೆದ ಆರೋಗ್ಯವಂತ ನಾಯಿ ಎರಡು ತಿಂಗಳ ಕೊರತೆಯನ್ನು ತಾಳಿಕೊಳ್ಳುತ್ತದೆ. ಮರಿಗೆ, ಗಬ್ಬದ ನಾಯಿಗೆ ಅದು ಅಪಾಯ, ಸುಣ್ಣ ಸಾಲದ ಮರಿಯ ಮೂಳೆ ಬಾಗಿ ಮುರಿಯುತ್ತದೆ. ಅವಕ್ಕೆ ಸಮತೋಲನಗೊಂಡ ಹೈಡ್ರೊಲೈಸ್ ಆಹಾರವೇ ಕ್ಷೇಮ. ಸುಣ್ಣಕ್ಕೆ ಮೊಟ್ಟೆ ಚಿಪ್ಪಿನ ಪುಡಿ ಹಳ್ಳಿಗಳಲ್ಲಿ ಸುಲಭ, ಅರ್ಧ ಚಮಚದಲ್ಲಿ ಸುಮಾರು 1 ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಆದರೆ ಚಿಪ್ಪಿನ ಒಳಪೊರೆಯಲ್ಲಿ ಮೊಟ್ಟೆಯ ಪ್ರೋಟೀನು ಅಂಟಿರುವುದರಿಂದ ಪಥ್ಯದ ಕಾಲದಲ್ಲಿ ರುಚಿ ಸೇರಿಸದ ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆ ಮೇಲು.

ಎಂಟು ವಾರ, ಒಂದು ಬಿಸ್ಕತ್ತು

ಪಥ್ಯದ ಅವಧಿಯ ಬಗ್ಗೆ 2015ರ ಒಂದು ವಿಮರ್ಶೆ ಸ್ಪಷ್ಟ ಅಂಕಿ ಕೊಟ್ಟಿದೆ. ಆಹಾರದ ಅಲರ್ಜಿಯಿರುವ ನಾಯಿಗಳಲ್ಲಿ ಶೇ. 80ಕ್ಕೂ ಹೆಚ್ಚು 5 ವಾರಗಳಲ್ಲಿ, ಶೇ. 90ಕ್ಕೂ ಹೆಚ್ಚು 8 ವಾರಗಳಲ್ಲಿ ಸುಧಾರಿಸುತ್ತವೆ. ಹೊಟ್ಟೆಯ ಬಾಧೆ ಬೇಗ ಇಳಿಯುತ್ತದೆ, ಹೆಚ್ಚಾಗಿ 2 ವಾರದೊಳಗೆ. ಚರ್ಮಕ್ಕೆ ಕಾಲ ಬೇಕು. ಮೊದಲ ವಾರಗಳಲ್ಲಿ ತುರಿಕೆ ತಡೆಯಲಾರದಷ್ಟಿದ್ದರೆ ವೈದ್ಯರು ಪ್ರೆಡ್ನಿಸೊಲೋನ್‌ನಂಥ ಔಷಧವನ್ನು ಅಲ್ಪಕಾಲ ಕೊಡುವುದುಂಟು. ಅದನ್ನು ನಿಲ್ಲಿಸಿದ ಮೇಲೂ ಪಥ್ಯದಲ್ಲೇ ಇರುವ ನಾಯಿ ತುರಿಸಿಕೊಳ್ಳದಿದ್ದರೆ ಮಾತ್ರ ಗುಣ ಪಥ್ಯದ್ದೆಂದು ಹೇಳಬಹುದು. ದಿನದ ತುರಿಕೆಗೆ 0ರಿಂದ 10ರವರೆಗೆ ಅಂಕ ಕೊಟ್ಟು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವ ಮನೆಯವರು ಎಂಟನೆಯ ವಾರ ಜ್ಞಾಪಕವನ್ನು ನಂಬಿ ಕೂರಬೇಕಾಗಿಲ್ಲ.

ಪಥ್ಯ ಸೋಲುವುದು ಹೆಚ್ಚಾಗಿ ತಟ್ಟೆಯ ಹೊರಗೆ. ಮಗು ಉಣ್ಣುವಾಗ ಬೀಳಿಸುವ ತುತ್ತು, ಹಾಲು ಕರೆಯುವಾಗ ಕೊಟ್ಟಿಗೆಯಲ್ಲಿ ನೆಕ್ಕುವ ನೊರೆ, ಬೆಕ್ಕಿನ ಬಟ್ಟಲು, ಕೋಳಿಗೂಡಿನ ಹಿಕ್ಕೆ, ಪಕ್ಕದ ಮನೆಯ ಅಜ್ಜಿ ಅಕ್ಕರೆಯಿಂದ ಎಸೆಯುವ ಬಿಸ್ಕತ್ತು, ಮಾರಿಹಬ್ಬದ ಬಾಡೂಟದ ಮರುದಿನ ಬೀದಿಯಲ್ಲಿ ಬಿದ್ದ ಮೂಳೆ. ಇಷ್ಟರಲ್ಲಿ ಯಾವುದೊಂದೂ ವಾರಗಳ ಶ್ರಮವನ್ನು ಅಳಿಸಬಲ್ಲದು. ಒಂದು ಬಿಸ್ಕತ್ತಿನಲ್ಲಿ ಗೋಧಿ, ಹಾಲು ಎರಡೂ ಇರುತ್ತವೆ. ಔಷಧಗಳಲ್ಲೂ ಅಡಗಿದ ಆಹಾರವಿದೆ: ಅಗಿಯುವ ಜಂತಿನ ಮಾತ್ರೆ, ಉಣ್ಣೆಯ ಮಾತ್ರೆಗಳಿಗೆ ಮಾಂಸದ ರುಚಿ ಕಟ್ಟಿರುತ್ತಾರೆ, ಕ್ಯಾಪ್ಸೂಲಿನ ಹೊದಿಕೆ ಜೆಲಟಿನ್. ಉಣ್ಣೆಗೆ ಬೆನ್ನಿನ ಮೇಲೆ ಹಾಕುವ ಔಷಧ, ಜಂತಿಗೆ ರುಚಿಯಿಲ್ಲದ ಮಾತ್ರೆ ಕೇಳಿ ಪಡೆಯಬೇಕು. ಊರೆಲ್ಲ ಸುತ್ತಿ ಬರುವ ನಾಯಿಗೆ ಪಥ್ಯ ಮಾಡಿಸಲು ಆಗದು. ಎಂಟು ವಾರ ಅದು ಕಾಂಪೌಂಡಿನೊಳಗೋ ಹಗ್ಗದ ಹಿಡಿತದಲ್ಲೋ ಇರಬೇಕು. ಮನೆಯಲ್ಲಿ ಎರಡು ನಾಯಿಗಳಿದ್ದರೆ ಎರಡಕ್ಕೂ ಒಂದೇ ಊಟ ಹಾಕುವುದು ಸುಲಭ.

ಮರುಪರೀಕ್ಷೆ

ತುರಿಕೆ ಇಳಿದ ಮೇಲೆ ಹಳೆಯ ಆಹಾರವನ್ನು ಮತ್ತೆ ಕೊಡುವುದು ಮನೆಯವರಿಗೆ ಕಷ್ಟದ ಹೆಜ್ಜೆ. ಅದಿಲ್ಲದೆ ರೋಗನಿರ್ಣಯ ಪೂರ್ಣವಾಗುವುದಿಲ್ಲ. ಇಳಿದ ತುರಿಕೆಗೆ ಋತು ಬದಲಾದದ್ದೋ ಚಿಗಟ ಹೋದದ್ದೋ ಕಾರಣವಿರಬಹುದು. ಹಿಂದಿನ ಊಟ ಕೊಟ್ಟಾಗ ಕೆಲವು ಗಂಟೆಗಳಿಂದ 14 ದಿನಗಳೊಳಗೆ ತುರಿಕೆ ಮರಳಿದರೆ ಆಹಾರದ ಅಲರ್ಜಿ ಖಚಿತ. ಕೂಡಲೆ ಪಥ್ಯಕ್ಕೆ ಮರಳಿ, ಮೈ ತಣಿದ ಮೇಲೆ ಒಂದೊಂದೇ ಪದಾರ್ಥವನ್ನು ಪರೀಕ್ಷಿಸಬೇಕು. ಪಥ್ಯದ ಊಟಕ್ಕೆ ಬೇಯಿಸಿದ ಕೋಳಿ ಎರಡು ವಾರ, ಅದು ಸರಿಹೋದರೆ ಮೊಸರು ಎರಡು ವಾರ, ಆಮೇಲೆ ಚಪಾತಿ, ಆಮೇಲೆ ಮೊಟ್ಟೆ. ತುರಿಕೆ ಎದ್ದ ದಿನವೇ ಆ ಪದಾರ್ಥವನ್ನು ನಿಲ್ಲಿಸಿ ಪಟ್ಟಿಯಲ್ಲಿ ಗುರುತು ಹಾಕಬೇಕು. ಮುಖ ಊದಿಕೊಂಡ, ಉಸಿರು ಕಟ್ಟಿದ ಚರಿತ್ರೆಯಿರುವ ನಾಯಿಗೆ ಈ ಮರುಪರೀಕ್ಷೆಯನ್ನು ಮನೆಯಲ್ಲಿ ಮಾಡಬಾರದು.

ಪಥ್ಯ ಕಟ್ಟುನಿಟ್ಟಾಗಿ ನಡೆದೂ ತುರಿಕೆ ಇಳಿಯದಿದ್ದರೆ ಅಟೋಪಿಕ್ ಚರ್ಮರೋಗದತ್ತ ನೋಡಬೇಕು. ಅರ್ಧಂಬರ್ಧ ಇಳಿದರೆ ಎರಡೂ ಒಟ್ಟಿಗಿರುವ ಸಾಧ್ಯತೆಯಿದೆ. ಅಂಥ ನಾಯಿಗೆ ಆಗದ ಆಹಾರವನ್ನು ತೆಗೆದರೆ ಉಳಿದ ಅಲರ್ಜಿಗೆ ಔಷಧದ ಪ್ರಮಾಣ ತಗ್ಗುತ್ತದೆ.

ಪಥ್ಯದ ನಂತರ

ಆಹಾರದ ಅಲರ್ಜಿಯನ್ನು ಬುಡಸಹಿತ ಕೀಳುವ ಔಷಧವಿಲ್ಲ. ಆಗದ ಪದಾರ್ಥವನ್ನು ಬಾಳಿನುದ್ದಕ್ಕೂ ಬಿಡುವುದೇ ಚಿಕಿತ್ಸೆ. ಮರುಪರೀಕ್ಷೆ ಮುಗಿಸಿದ ನಾಯಿಗೆ ಈ ನಿಷೇಧ ಸಾಮಾನ್ಯವಾಗಿ ಒಂದೆರಡು ಪದಾರ್ಥಗಳಿಗೆ ಸೀಮಿತ. ಕೋಳಿ ಮಾತ್ರ ಆಗದೆಂದು ತಿಳಿದರೆ ಮೊಸರು, ರೊಟ್ಟಿ, ಮೀನು ಎಲ್ಲ ತಟ್ಟೆಗೆ ಮರಳುತ್ತವೆ. ಪರೀಕ್ಷೆಯನ್ನು ಅರ್ಧಕ್ಕೆ ಬಿಟ್ಟ ಮನೆಯಲ್ಲಿ ನಾಯಿ ವರ್ಷಗಟ್ಟಲೆ ಮೀನು-ಅನ್ನವೊಂದರಲ್ಲೇ ಉಳಿದು ಪೋಷಕಾಂಶಗಳ ಕೊರತೆಗೆ ಬೀಳುತ್ತದೆ. ದೀರ್ಘಕಾಲಕ್ಕೆ ಆಗದ ಅಂಶವಿಲ್ಲದ ಸಮತೋಲಿತ ಸಿದ್ಧ ಆಹಾರ, ಇಲ್ಲವೆ ಪಶುವೈದ್ಯರು ಖನಿಜ, ಜೀವಸತ್ವಗಳ ಅಳತೆ ಹಾಕಿಕೊಟ್ಟ ಮನೆಯಡುಗೆ ಬೇಕು. ಕಾಲಾಂತರದಲ್ಲಿ ಹೊಸ ಪದಾರ್ಥಕ್ಕೆ ಅಲರ್ಜಿ ಹುಟ್ಟಬಹುದು. ವರ್ಷಗಳ ಶಾಂತಿಯ ನಂತರ ಪಂಜ ನೆಕ್ಕುವುದು ಮತ್ತೆ ಶುರುವಾದರೆ ಮೊದಲು ಉಣ್ಣೆ-ಚಿಗಟ ನೋಡಿ, ನಂತರ ಮನೆಗೆ ಈಚೆಗೆ ಬಂದ ತಿನಿಸನ್ನೂ ದಿನದ ತಟ್ಟೆಯನ್ನೂ ವಿಚಾರಿಸಿ, ಅಗತ್ಯವಾದರೆ ಎಂಟು ವಾರಗಳ ಅದೇ ಪಥ್ಯವನ್ನು ಬೇರೊಂದು ಪ್ರೋಟೀನಿನಿಂದ ಮತ್ತೆ ನಡೆಸಬೇಕಾಗುತ್ತದೆ.